ಜ್ವರ ಇಳಿಯುವುದು ಬೇರೆ, ಬಿಡುವುದು ಬೇರೆ

ನಮ್ಮ ಅಜ್ಜಿಯಂದಿರು ಮಗುವಿನ ಹಣೆ ಮುಟ್ಟಿ ನೋಡಿ ಎರಡು ಬಗೆಯ ಮಾತಾಡುತ್ತಿದ್ದರು. ‘ಜ್ವರ ಇಳಿದಿದೆ’ ಎಂದರೆ ಒಂದು ಅರ್ಥ, ‘ಜ್ವರ ಬಿಟ್ಟಿದೆ’ ಎಂದರೆ ಇನ್ನೊಂದು. ಇಳಿದ ಜ್ವರ ಸಂಜೆಗೆ ಮತ್ತೆ ಏರಬಹುದು, ಹಾಗಾಗಿ ಗಂಜಿಯೇ ಗತಿ. ಬಿಟ್ಟ ಮೇಲೆ ಸಾರು ಅನ್ನ, ಸ್ನಾನ, ಅಂಗಳದ ಆಟ. ಔಷಧದ ಅಂಗಡಿಯ ಕೌಂಟರಿನ ಹಿಂದೆ ನಿಂತು ಇಪ್ಪತ್ತು ವರ್ಷ ದಾಟಿರುವ ನನಗೆ, ಜನ ಮಾತ್ರೆ ನುಂಗುವಾಗ ಮಾಡುವ ಬಹುಪಾಲು ತಪ್ಪುಗಳು ಈ ಎರಡು ಕ್ರಿಯಾಪದಗಳನ್ನು ಒಂದೇ ಎಂದುಕೊಂಡದ್ದರಿಂದ ಆಗುತ್ತವೆ ಎನಿಸಿದೆ.

ರೋಗದ ಕಾರಣವನ್ನು ಮುಟ್ಟದೆ, ಅದರ ಲಕ್ಷಣವನ್ನಷ್ಟೇ ತಗ್ಗಿಸುವ ಔಷಧಕ್ಕೆ ಕನ್ನಡದಲ್ಲಿ ‘ಶಮನಕಾರಿ’ ಅಥವಾ ‘ಉಪಶಾಮಕ’ ಎನ್ನುತ್ತಾರೆ. ಜ್ವರ, ನೋವು, ಕೆಮ್ಮು, ನೆಗಡಿ, ತುರಿಕೆ, ವಾಂತಿ, ಎದೆಯುರಿಗೆ ನಾವು ಅಂಗಡಿಯಲ್ಲಿ ಕೇಳಿ ಪಡೆಯುವ ಹೆಚ್ಚಿನ ಔಷಧಗಳು ಈ ಜಾತಿಯವು. ಅವು ಬೇಡವೆಂದು ನಾನು ಹೇಳುತ್ತಿಲ್ಲ. ನೋವು ಕಡಿಮೆಯಾದರೆ ನಿದ್ದೆ ಬರುತ್ತದೆ, ಜ್ವರ ಇಳಿದರೆ ಮಗು ನಾಲ್ಕು ಗುಟುಕು ನೀರು ಕುಡಿಯುತ್ತದೆ. ಅದು ದೊಡ್ಡ ಉಪಕಾರ. ಆದರೆ ಯಾವುದು ಶಮನ, ಯಾವುದು ಗುಣ ಎಂಬುದು ತಿಳಿಯದೆ ನುಂಗಿದರೆ ಉಪಕಾರವೇ ಅಪಾಯವಾಗುತ್ತದೆ. ಆ ವ್ಯತ್ಯಾಸವನ್ನು ಮನೆಯಲ್ಲೇ ಗುರುತಿಸುವುದು ಹೇಗೆ ಎಂದು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು ಪದ ಸರಿಯಾಗಲಿ

ಶಮನ ಎಂದರೆ ತಣಿಸುವುದು, ಶಾಂತಗೊಳಿಸುವುದು. ನಮಗೆ ಚಿಕ್ಕಂದಿನಿಂದ ಗೊತ್ತಿರುವ ‘ಅಗ್ನಿಶಾಮಕ ದಳ’ದಲ್ಲೂ ಇರುವುದು ಇದೇ ಮೂಲ. ಗೊಂದಲವೂ ಇಲ್ಲಿಂದಲೇ ಹುಟ್ಟುತ್ತದೆ. ಅಗ್ನಿಶಾಮಕದವರು ಬಂದು ಹೋದರೆ ಬೆಂಕಿ ಆರಿತು ಎಂದೇ ಅರ್ಥ. ಔಷಧದ ಶಮನ ಹಾಗಲ್ಲ. ಬೆಂಕಿ ಬಿದ್ದಾಗ ಹೊಡೆದುಕೊಳ್ಳುವ ಗಂಟೆಯ ಸದ್ದನ್ನು ಅದು ತಗ್ಗಿಸುತ್ತದೆ. ಬೆಂಕಿ ತಾನಾಗಿ ಆರುವಂಥದ್ದಾದರೆ ಚಿಂತೆಯಿಲ್ಲ, ಮಾಮೂಲಿ ನೆಗಡಿಯಲ್ಲಿ ಆಗುವುದು ಅದೇ. ಒಳಗೆ ಇನ್ನೂ ಉರಿಯುತ್ತಿದ್ದರೆ ಸದ್ದಡಗಿದ ಗಂಟೆ ನಮ್ಮನ್ನು ಮಲಗಿಸಿಬಿಡುತ್ತದೆ.

ಇದಕ್ಕಿಂತ ಹೆಚ್ಚು ಹಾನಿ ಮಾಡಿರುವ ಪದ ‘ನಿವಾರಕ’. ವಿಘ್ನನಿವಾರಕನೆಂದು ಗಣಪತಿಯನ್ನು ಕರೆಯುವ ನಾವು, ನಿವಾರಣೆ ಎಂದರೆ ಬೇರುಸಹಿತ ತೊಲಗಿಸುವುದು ಎಂದೇ ನಂಬಿದ್ದೇವೆ. ಅದೇ ಪದ ‘ನೋವು ನಿವಾರಕ’ ಎಂದು ಜಾಹೀರಾತಿನಲ್ಲಿ ಕಂಡಾಗ, ನೋವು ಹೋದರೆ ರೋಗವೂ ಹೋಯಿತು ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಪತ್ರಿಕೆಗಳೂ ವೈದ್ಯರೂ ‘ನೋವು ಶಮನಕಾರಿ’ ಎಂದೇ ಬರೆಯಲಿ, ಹೇಳಲಿ ಎಂಬುದು ನನ್ನ ಕೋರಿಕೆ.

ಇನ್ನೆರಡು ಮಾತು ಸೇರಿಸಿ ಮುಂದೆ ಹೋಗುತ್ತೇನೆ. ಬರಿಯ ‘ಶಾಮಕ’ ಎಂಬ ಪದವನ್ನು ಕೆಲವರು ನಿದ್ದೆ ಬರಿಸುವ, ಮನಸ್ಸನ್ನು ಶಾಂತಗೊಳಿಸುವ ಔಷಧಕ್ಕೂ ಬಳಸುತ್ತಾರೆ, ಅದು ಬೇರೆ. ಆಯುರ್ವೇದದಲ್ಲಿ ಶೋಧನ ಮತ್ತು ಶಮನ ಎಂದು ಚಿಕಿತ್ಸೆಯನ್ನು ಎರಡಾಗಿ ವಿಂಗಡಿಸುತ್ತಾರೆ. ಅಲ್ಲಿ ಶಮನ ಎಂದರೆ ದೋಷವನ್ನು ಹೊರಹಾಕದೆ ಒಳಗೇ ಸಮಸ್ಥಿತಿಗೆ ತರುವುದು. ಅದೂ ಬೇರೆಯೇ. ಈ ಲೇಖನದ ಶಮನ ಎಂದರೆ ಲಕ್ಷಣ ತಗ್ಗಿಸುವುದು, ಅಷ್ಟೇ.

ಹಂತ 1: ಮಾತ್ರೆಗಳನ್ನು ಮೂರು ಗುಂಪು ಮಾಡಿ

ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲೋ ಫ್ರಿಜ್ಜಿನ ಮೇಲಿನ ಪ್ಲಾಸ್ಟಿಕ್ ಕವರಿನಲ್ಲೋ ಇರುವ ಔಷಧಗಳನ್ನೆಲ್ಲ ಮೇಜಿನ ಮೇಲೆ ಸುರಿಯಿರಿ. ವೈದ್ಯರ ಚೀಟಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಈಗ ಮೂರು ಗುಂಪು ಮಾಡಿ.

ಮೊದಲ ಗುಂಪು ಶಮನದ್ದು. ಜ್ವರ, ನೋವು, ನೆಗಡಿ, ಕೆಮ್ಮು, ವಾಂತಿ, ತುರಿಕೆಯ ಮಾತ್ರೆಗಳು ಇಲ್ಲಿಗೆ. ವೈದ್ಯರು ಚೀಟಿಯಲ್ಲಿ ಇವುಗಳ ಮುಂದೆ ಸಾಮಾನ್ಯವಾಗಿ ‘ಎಸ್‌ಒಎಸ್’ ಎಂದು ಬರೆದಿರುತ್ತಾರೆ. ಅದು ‘ಅಗತ್ಯವಿದ್ದರೆ’ ಎಂಬರ್ಥದ ಲ್ಯಾಟಿನ್ ಮಾತಿನ ಮೊದಲಕ್ಷರಗಳು. ತೊಂದರೆ ಇದ್ದಾಗ ಮಾತ್ರ ನುಂಗಬೇಕು, ಇಲ್ಲದಿದ್ದರೆ ಬಿಡಬೇಕು. ಹೇಳಿದ ಸಂಖ್ಯೆಯಷ್ಟು ಮುಗಿಸಲೇಬೇಕು ಎಂಬ ನಿಯಮ ಇವಕ್ಕಿಲ್ಲ.

ಎರಡನೆಯದು ಗುಣದ ಗುಂಪು. ರೋಗದ ಕಾರಣವನ್ನೇ ಹೊಡೆಯುವ ಔಷಧಗಳಿವು: ಬ್ಯಾಕ್ಟೀರಿಯಾ ವಿರುದ್ಧದ ಆ್ಯಂಟಿಬಯೋಟಿಕ್, ಕ್ಷಯದ ಔಷಧ, ಮಲೇರಿಯಾದ ಔಷಧ, ಜಂತುಹುಳುವಿನ ಮಾತ್ರೆ. ಆ್ಯಂಟಿಬಯೋಟಿಕ್ ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ. ಕೆಂಪು ಗೆರೆಯ ಬೇರೆ ಔಷಧಗಳೂ ಉಂಟು, ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬೇಡಿ ಎಂಬುದೇ ಅದರ ಅರ್ಥ. ಈ ಗುಂಪಿನವನ್ನು ವೈದ್ಯರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಬೇಕು. ಸಾಮಾನ್ಯ ಕ್ಷಯದ ಚಿಕಿತ್ಸೆ 6 ತಿಂಗಳದ್ದು. ಕೆಮ್ಮು, ಜ್ವರ ಮೊದಲ ಕೆಲವು ವಾರಗಳಲ್ಲೇ ಕಡಿಮೆಯಾಗುತ್ತವೆ. ಅಲ್ಲಿಗೇ ಮಾತ್ರೆ ಬಿಟ್ಟವರಲ್ಲಿ ರೋಗ ಮತ್ತೆ ಎದ್ದಾಗ ಹಳೆಯ ಔಷಧಕ್ಕೆ ಬಗ್ಗದೇ ಹೋಗಬಹುದು.

ಮೂರನೆಯದು ಹಿಡಿತದ ಗುಂಪು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂರ್ಛೆರೋಗದ ಮಾತ್ರೆಗಳು ಇಲ್ಲಿ ಬರುತ್ತವೆ. ಚರಕ ಸಂಹಿತೆಯಲ್ಲಿ ‘ಯಾಪ್ಯ’ ಎಂಬ ಸೊಗಸಾದ ಪದವಿದೆ: ಪೂರ್ತಿ ವಾಸಿಯಾಗದ, ಆದರೆ ಪಥ್ಯ ಮತ್ತು ಔಷಧದಿಂದ ಹಿಡಿದಿಟ್ಟುಕೊಂಡು ಬಾಳಬಹುದಾದ ರೋಗ. ಇವುಗಳ ಮಾತ್ರೆಯನ್ನು ಲಕ್ಷಣ ನೋಡಿ ನುಂಗುವುದಲ್ಲ, ಗಡಿಯಾರ ನೋಡಿ ನುಂಗುವುದು. ‘ತಲೆ ಸುತ್ತು ಇಲ್ಲ ಸರ್, ಅದಕ್ಕೇ ಬಿಪಿ ಮಾತ್ರೆ ಬಿಟ್ಟೆ’ ಎನ್ನುವವರು ವಾರಕ್ಕೊಬ್ಬರಾದರೂ ನನ್ನ ಮುಂದೆ ನಿಲ್ಲುತ್ತಾರೆ. ರಕ್ತದೊತ್ತಡ ಹೆಚ್ಚಿದ್ದರೂ ಬಹುತೇಕರಿಗೆ ಏನೂ ಅನ್ನಿಸುವುದಿಲ್ಲ. ಒತ್ತಡ ಸರಿಯಾಗಿರುವುದು ಆ ಮಾತ್ರೆಯಿಂದ. ಅದನ್ನು ನಿಲ್ಲಿಸುವ ತೀರ್ಮಾನ ವೈದ್ಯರದ್ದಾಗಿರಲಿ.

ಗುಂಪು ಯಾವುದೆಂದು ತಿಳಿಯದ ಮಾತ್ರೆಯನ್ನು ಬೇರೆ ಇಟ್ಟು ಅಂಗಡಿಗೆ ತಂದು ಕೇಳಿ. ಹೇಳುವುದು ನಮ್ಮ ಕೆಲಸ.

ಹಂತ 2: ಹಿಂಬದಿಯ ಸಣ್ಣ ಅಕ್ಷರ ಓದಿ

ಈ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ನಾವು ಶಮನದ ಮಾತ್ರೆಗೆ ಲಕ್ಷಣದ ಹೆಸರಿಡುತ್ತೇವೆ. ‘ಜ್ವರದ ಮಾತ್ರೆ’, ‘ಶೀತದ ಮಾತ್ರೆ’, ‘ಮೈಕೈ ನೋವಿನ ಮಾತ್ರೆ’, ‘ತಲೆನೋವಿನ ಮಾತ್ರೆ’. ಹೆಸರು ನಾಲ್ಕಾದ ಮೇಲೆ ಮಾತ್ರೆಯೂ ನಾಲ್ಕು ಬಗೆ ಎಂದು ತಿಳಿಯುವುದು ಸಹಜ. ಆದರೆ ಪಟ್ಟಿ ತಿರುಗಿಸಿ ನೋಡಿದರೆ ನಾಲ್ಕರೊಳಗೂ ಒಂದೇ ಹೆಸರು ಅಡಗಿರುತ್ತದೆ: ಪ್ಯಾರಾಸಿಟಮಾಲ್.

ಕೆಲವು ಮಳೆಗಾಲಗಳ ಹಿಂದಿನ ಮಾತು. ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಮೂರು ದಿನದಿಂದ ಜ್ವರ, ಶೀತ, ಮೈಕೈ ನೋವು. ಊಟ ಸೇರುತ್ತಿಲ್ಲ, ಇವತ್ತು ಬೆಳಿಗ್ಗೆಯಿಂದ ಹೊಟ್ಟೆ ತೊಳಸುತ್ತಿದೆ, ವಾಂತಿಗೆ ಏನಾದರೂ ಕೊಡಿ ಎಂದರು. ಈಗಾಗಲೇ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದೆ. ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಮೂರು ತುಂಡು ಪಟ್ಟಿಗಳನ್ನು ಬಿಚ್ಚಿ ಕೌಂಟರಿನ ಮೇಲಿಟ್ಟರು. ಮೂರನ್ನೂ ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡಿದ್ದರು. ಒಂದರ ಹಿಂದೆ ಹೆಸರೇ ಇರಲಿಲ್ಲ, ಕತ್ತರಿಸುವಾಗ ಹೋಗಿತ್ತು. ಮಾತ್ರೆಯ ಆಕಾರ, ಬಣ್ಣ, ಅಂಚಿನಲ್ಲಿ ಉಳಿದ ಎರಡು ಅಕ್ಷರ ನೋಡಿ ಗುರುತಿಸಿದೆ.

ಬಿಲ್ಲಿನ ಹಿಂಬದಿಯಲ್ಲಿ ಅವರೆದುರೇ ಲೆಕ್ಕ ಬರೆದೆ. ಜ್ವರದ ಮಾತ್ರೆ 650 ಮಿಲಿಗ್ರಾಂ, ದಿನಕ್ಕೆ ಮೂರು, ಅಂದರೆ 1,950. ಶೀತದ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಅದೂ ಮೂರು, ಅಂದರೆ 1,500. ಮೈಕೈ ನೋವಿನ ಮಾತ್ರೆಯಲ್ಲಿ ಅಸಿಕ್ಲೊಫೆನಾಕ್ ಜೊತೆಗೆ ಪ್ಯಾರಾಸಿಟಮಾಲ್ 325, ದಿನಕ್ಕೆರಡು, ಅಂದರೆ 650. ಒಟ್ಟು 4,100 ಮಿಲಿಗ್ರಾಂ. ಆರೋಗ್ಯವಂತ ವಯಸ್ಕರು 24 ಗಂಟೆಯಲ್ಲಿ ದಾಟಬಾರದ ಗರಿಷ್ಠ ಮಿತಿ 4,000. ಆಕೆ ಸಣಕಲು ಮೈಯವರು, ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅಂಥವರಿಗೆ, ಮದ್ಯ ಸೇವಿಸುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ವೈದ್ಯರು ಮಿತಿಯನ್ನು ಇನ್ನೂ ತಗ್ಗಿಸುತ್ತಾರೆ. ನಾನು ವಾಂತಿಯ ಮಾತ್ರೆ ಕೊಡಲಿಲ್ಲ. ಆ ಚೀಟಿಯನ್ನೇ ಕೈಗಿತ್ತು ಆಸ್ಪತ್ರೆಗೆ ಕಳಿಸಿದೆ. ರಕ್ತ ಪರೀಕ್ಷೆ ಮಾಡಿ, ಎರಡು ದಿನ ಇರಿಸಿಕೊಂಡು ಕಳಿಸಿದರಂತೆ. ‘ಒಂದೂ ಜಾಸ್ತಿ ನುಂಗಿಲ್ಲ, ಮೂರನ್ನೂ ಅಂಗಡಿಯವರು ಹೇಳಿದಷ್ಟೇ ನುಂಗಿದ್ದೆ’ ಎಂದು ಆಕೆ ಮತ್ತೆ ಮತ್ತೆ ಹೇಳಿದ್ದು ನನಗೆ ಮರೆತಿಲ್ಲ. ಅವರು ಹೇಳಿದ್ದು ನಿಜ. ಮೂರು ಅಂಗಡಿಯವರೂ ತಮ್ಮ ತಮ್ಮ ಮಾತ್ರೆಯ ಮಟ್ಟಿಗೆ ಸರಿಯಾಗಿಯೇ ಹೇಳಿದ್ದರು. ಮೂರನ್ನೂ ಕೂಡಿಸಿ ನೋಡುವವರು ಇರಲಿಲ್ಲ.

ಪ್ಯಾರಾಸಿಟಮಾಲ್ ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಒಮ್ಮೆಗೇ ಬಹಳ ನುಂಗಿದಾಗಲೂ ಮೊದಲ ದಿನ ವಾಕರಿಕೆ, ಸುಸ್ತು ಬಿಟ್ಟರೆ ಹೆಚ್ಚೇನೂ ಕಾಣದೇ ಇರಬಹುದು. ಯಕೃತ್ತಿನ ಹಾನಿ ಬಯಲಾಗುವುದು ಎರಡು-ಮೂರು ದಿನದ ಮೇಲೆ. ಇದಕ್ಕೆ ಪ್ರತಿವಿಷ ಇದೆ, ಆದರೆ ಅದು ಚೆನ್ನಾಗಿ ಕೆಲಸ ಮಾಡುವುದು ಮೊದಲ 8 ಗಂಟೆಯೊಳಗೆ ಕೊಟ್ಟರೆ. ಹಾಗಾಗಿ ಮಕ್ಕಳೋ ದೊಡ್ಡವರೋ ಹೆಚ್ಚು ನುಂಗಿದ್ದಾರೆ ಎಂದು ತಿಳಿದ ಕೂಡಲೇ, ಏನೂ ಆಗಿಲ್ಲದಂತೆ ಕಂಡರೂ, ಖಾಲಿ ಪಟ್ಟಿ ಹಿಡಿದು ಆಸ್ಪತ್ರೆಗೆ ಓಡಿ.

ಈಗ ಪಟ್ಟಿ ಓದುವ ಕ್ರಮ.

ಒಂದು, ದೊಡ್ಡಕ್ಷರದ ಬ್ರಾಂಡ್ ಹೆಸರನ್ನು ಮರೆತು, ಸಂಯೋಜನೆ ಬರೆದಿರುವ ಸಾಲು ಹುಡುಕಿ. ‘ಐಪಿ’ ಎಂಬ ಎರಡಕ್ಷರವೂ ಮಿಲಿಗ್ರಾಂ ಲೆಕ್ಕವೂ ಇರುವ ಸಾಲು ಅದು. ನೀವು ನುಂಗುತ್ತಿರುವುದು ಅದನ್ನು.

ಎರಡು, ಆ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಡೋಲೋ, ಕ್ರೋಸಿನ್, ಕಾಲ್‌ಪಾಲ್ ಮೂರರಲ್ಲೂ ಇರುವುದು ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆಗೆ ಅದೇ, ಸಾರಿಡಾನ್‌ನಲ್ಲಿ ಇನ್ನೆರಡರ ಜೊತೆಗೆ ಅದೇ. ಶೀತದ ಮಾತ್ರೆಗಳಲ್ಲಿ ಹೆಚ್ಚಿನವು ಅದನ್ನು ಒಳಗಿಟ್ಟುಕೊಂಡೇ ಬರುತ್ತವೆ.

ಮೂರು, ಒಂದೇ ಹೆಸರು ಎರಡು ಕಡೆ ಬಂದರೆ ಒಂದು ಪಟ್ಟಿಯನ್ನು ಡಬ್ಬಿಗೆ ವಾಪಸ್ ಹಾಕಿ. ಹೆಸರು ಬೇರೆಯಾಗಿದ್ದರೂ ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಇವು ಒಂದೇ ಮನೆತನದವು. ಇವುಗಳಲ್ಲಿ ಎರಡನ್ನು ಒಟ್ಟಿಗೆ ನುಂಗಬಾರದು. ಜಠರದಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಪೆಟ್ಟು ಇವುಗಳ ದಾರಿ.

ನಾಲ್ಕು, ಅಂಗಡಿಯವರು ಪಟ್ಟಿ ಕತ್ತರಿಸುವಾಗ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕ ಇರುವ ಭಾಗವನ್ನು ಕೇಳಿ ಪಡೆಯಿರಿ. ಸಿಗದಿದ್ದರೆ ಪೂರ್ತಿ ಪಟ್ಟಿಯ ಫೋಟೊವನ್ನು ಅಲ್ಲೇ ಫೋನಿನಲ್ಲಿ ತೆಗೆದುಕೊಳ್ಳಿ. ನಾಚಿಕೆ ಬೇಡ. ಹೆಸರಿಲ್ಲದ ಮಾತ್ರೆ ಮನೆಯಲ್ಲಿದ್ದರೆ ಎಸೆಯಿರಿ.

ಮಕ್ಕಳ ಸಿರಪ್ಪಿನಲ್ಲಿ ಇನ್ನೊಂದು ಬಲೆ ಇದೆ. ಪ್ಯಾರಾಸಿಟಮಾಲ್ ಸಿರಪ್ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಕೂಸುಗಳಿಗೆ ಕೊಡುವ ಹನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ ಇರುತ್ತದೆ. ಒಂದು ಬಾರಿಗೆ ಕೊಡುವ ಪ್ರಮಾಣ ಮಗುವಿನ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 125ರ ಸಿರಪ್ 5 ಮಿಲಿಲೀಟರ್ ಸರಿಹೋಗುತ್ತದೆ, 250ರದ್ದು 2.5 ಮಿಲಿಲೀಟರ್ ಸಾಕು. ಹನಿಯ ಬಾಟಲಿಯಿಂದ 5 ಮಿಲಿಲೀಟರ್ ಕೊಟ್ಟರೆ 500 ಮಿಲಿಗ್ರಾಂ, ದೊಡ್ಡವರ ಒಂದು ಮಾತ್ರೆಯಷ್ಟು ಒಳಗೆ ಹೋಯಿತು. ಆದ್ದರಿಂದ ‘ಹಿಂದಿನ ಸಲ ಕೊಟ್ಟಷ್ಟೇ’ ಎಂಬ ಲೆಕ್ಕ ಬೇಡ. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ. ಅಡುಗೆಮನೆಯ ಚಮಚ ಬಿಟ್ಟು ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳ ಅಥವಾ ಸಿರಿಂಜ್ ಬಳಸಿ. ಎರಡು ಸಲದ ನಡುವೆ 4ರಿಂದ 6 ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ದಾಟುವುದು ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದು, ಸಿರಪ್ ಎಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನನ್ನ ಮನೆಯ ನಿಯಮ ಹೇಳುತ್ತೇನೆ, ಬೇಕಾದರೆ ಅನುಸರಿಸಿ. ನಮ್ಮಲ್ಲಿ ಜ್ವರ-ನೋವಿಗೆ ಒಂದೇ ಔಷಧ, ಬರಿಯ ಪ್ಯಾರಾಸಿಟಮಾಲ್. ನಾಲ್ಕೈದು ಔಷಧ ಬೆರೆಸಿದ ಶೀತದ ಮಾತ್ರೆ ಮನೆಯೊಳಗೆ ಬರುವುದಿಲ್ಲ. ಒಂದು ಮಾತ್ರೆಯಲ್ಲಿ ಒಂದೇ ಔಷಧವಿದ್ದರೆ ಏನು ಎಷ್ಟು ಹೊಟ್ಟೆಗೆ ಹೋಯಿತು ಎಂದು ಮನೆಯ ಎಲ್ಲರಿಗೂ ಗೊತ್ತಿರುತ್ತದೆ.

ಹಂತ 3: ಅಡಗಿಸಬಾರದ ಲಕ್ಷಣ ಯಾವುದೆಂದು ತಿಳಿಯಿರಿ

ಎಲ್ಲ ಗಂಟೆಯ ಸದ್ದನ್ನೂ ಅಡಗಿಸಬಾರದು. ಕೆಳಗಿನವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟರೂ ಸರಿ.

ಮಳೆಗಾಲದ ಜ್ವರ: ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಡೆಂಗಿ ಇರಬಹುದೆಂಬ ಸಂಶಯವಿದ್ದಾಗ ಪ್ಯಾರಾಸಿಟಮಾಲ್ ಬಿಟ್ಟು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬೇಡಿ. ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಹೃದಯಕ್ಕಾಗಿ ಆಸ್ಪಿರಿನ್ ಈಗಾಗಲೇ ತೆಗೆದುಕೊಳ್ಳುತ್ತಿರುವವರು ಅಂದೇ ವೈದ್ಯರನ್ನು ಕೇಳಿ. ಅಜ್ಜಿಯ ಮಾತು ಕೈಕೊಡುವುದೂ ಇಲ್ಲೇ. ಡೆಂಗಿಯಲ್ಲಿ ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ ಜ್ವರ ನಿಜವಾಗಿಯೂ ಬಿಡುತ್ತದೆ. ಅಪಾಯದ ಘಟ್ಟ ಶುರುವಾಗುವುದು ಆಗಲೇ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ವಿಪರೀತ ಸುಸ್ತು ಅಥವಾ ಚಡಪಡಿಕೆ ಕಂಡರೆ ಆ ಗಳಿಗೆಯೇ ಆಸ್ಪತ್ರೆ ಸೇರಿ.

ಎದೆಯುರಿ: ‘ಗ್ಯಾಸ್ಟ್ರಿಕ್’ ಎಂಬುದು ನಮ್ಮ ಜನ ಅತಿ ಸುಲಭವಾಗಿ ಒಪ್ಪಿಕೊಳ್ಳುವ ಕಾಯಿಲೆ. ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ಆಗಿ ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಹರಿದರೆ, ಜೀರಿಗೆ ಸೋಡಾ ಕುಡಿದು, ಆಮ್ಲಶಾಮಕ ನುಂಗಿ ಕಾಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಮಾಡುವ ಆಸ್ಪತ್ರೆಗೆ ಹೋಗಿ. ಗ್ಯಾಸ್ ಎಂದು ಗೊತ್ತಾದರೆ ನಕ್ಕು ಮನೆಗೆ ಬರಬಹುದು.

ಭೇದಿ: ನಿಲ್ಲಿಸುವ ಮಾತ್ರೆ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಸೋಂಕು ಒಳಗೇ ಉಳಿಯುತ್ತದೆ. ಚಿಕ್ಕ ಮಕ್ಕಳಿಗೆ, ರಕ್ತಭೇದಿ ಅಥವಾ ಜ್ವರ ಇದ್ದವರಿಗೆ ಅದು ಸಲ್ಲದು. ಪ್ರಾಣ ತೆಗೆಯುವುದು ನೀರಿನ ನಷ್ಟ, ಆದ್ದರಿಂದ ಮೊದಲ ಮದ್ದು ಓಆರ್‌ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ, 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಿ. ಮಕ್ಕಳಿಗೆ ಜೊತೆಗೆ 14 ದಿನದ ಜಿಂಕ್ ಕೊಡಬೇಕು, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಮಕ್ಕಳ ಕೆಮ್ಮು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ 2025ರ ಅಕ್ಟೋಬರಿನಲ್ಲಿ ಸೂಚಿಸಿದೆ. ಮಕ್ಕಳ ಬಹುತೇಕ ಕೆಮ್ಮು ತಾನಾಗಿ ವಾಸಿಯಾಗುತ್ತದೆ. ನಿಮೆಸುಲೈಡ್ ಎಂಬ ಜ್ವರದ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು 2011ರಲ್ಲೇ ನಿಷೇಧಿಸಲಾಗಿದೆ. ದೊಡ್ಡವರದ್ದನ್ನು ಅರ್ಧ ಮುರಿದು ಮಗುವಿಗೆ ಕೊಡುವ ಅಭ್ಯಾಸ ಬಿಡಿ.

ಹುಳುಕಡ್ಡಿ: ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ, ಕೆಂಪು ಮಾಯ. ಶಿಲೀಂಧ್ರ ಮಾತ್ರ ಚರ್ಮದೊಳಗೆ ಹಾಯಾಗಿ ಹರಡುತ್ತದೆ. ಮುಲಾಮು ಬಿಟ್ಟ ಕೂಡಲೇ ಮೊದಲಿಗಿಂತ ಅಗಲವಾಗಿ ಏಳುತ್ತದೆ, ಮತ್ತೆ ಅದನ್ನೇ ಹಚ್ಚುತ್ತಾರೆ. ಹೀಗೆ ವರ್ಷಗಟ್ಟಲೆ ಒದ್ದಾಡಿದವರನ್ನು ಕಂಡಿದ್ದೇನೆ. ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್‌ನಂಥ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟಿರಾಯ್ಡ್. ಇಂಥ ಮುಲಾಮುಗಳನ್ನು 2018ರಲ್ಲಿ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಲಾಗಿದೆ. ಹಾಗಿದ್ದೂ ಜನ ಕೇಳುವುದು ನಿಂತಿಲ್ಲ, ಕೊಡುವವರೂ ನಿಂತಿಲ್ಲ. ನನ್ನ ವೃತ್ತಿಯವರ ಬಗ್ಗೆ ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ.

ಹಂತ 4: ಗಡುವು ಹಾಕಿ, ಬರೆದಿಡಿ

ಶಮನದ ಔಷಧ ಶುರುಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಜ್ವರಕ್ಕೆ ಎರಡು-ಮೂರು ದಿನ, ಸ್ವಂತವಾಗಿ ತೆಗೆದುಕೊಳ್ಳುವ ನೋವಿನ ಮಾತ್ರೆಗೆ ಐದು ದಿನ ಎಂಬುದು ನಾನು ಗಿರಾಕಿಗಳಿಗೆ ಹೇಳುವ ಗಡುವು. ಗಡುವು ಮುಗಿದರೂ ಮಾತ್ರೆ ಬೇಕೆನಿಸಿದರೆ ಕಾರಣ ಹುಡುಕುವ ಸಮಯ ಬಂತು.

ಪ್ರತಿ ಸಲ ನುಂಗಿದಾಗಲೂ ಹೊತ್ತು ಬರೆಯಿರಿ. ರಾತ್ರಿ ಎರಡು ಗಂಟೆಗೆ ಅಮ್ಮ ಸಿರಪ್ ಕೊಟ್ಟು, ನಾಲ್ಕಕ್ಕೆ ಅಪ್ಪ ಗೊತ್ತಿಲ್ಲದೆ ಮತ್ತೆ ಕೊಟ್ಟ ಮನೆಗಳಿವೆ. ವೈದ್ಯರಿಗೂ ಆ ಹಾಳೆ ಬೇಕು. ಮಾತ್ರೆ ನುಂಗಿ ಒಂದು ಗಂಟೆಯ ಮೇಲೆ ಹೋಗಿ ‘ಜ್ವರ ಇಲ್ಲ’ ಎಂದರೆ ಅವರ ಥರ್ಮಾಮೀಟರಿಗೂ ಜ್ವರ ಸಿಗುವುದಿಲ್ಲ.

ತಲೆನೋವಿನವರಿಗೆ ಒಂದು ವಿಶೇಷ ಎಚ್ಚರಿಕೆ. ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಬೆರಕೆ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳ ಮೇಲೆ ನುಂಗುತ್ತ ಬಂದರೆ ಆ ಮಾತ್ರೆಯೇ ತಲೆನೋವು ತರಬಲ್ಲದು. ನುಂಗಿದಷ್ಟೂ ನೋವು, ನೋವಾದಷ್ಟೂ ನುಂಗುವುದು. ಈ ಸುಳಿಯಿಂದ ಹೊರಬರಲು ವೈದ್ಯರ ನೆರವು ಬೇಕೇ ಬೇಕು.

ಹಂತ 5: ಉಬ್ಬಸದವರು ಎರಡು ಪಂಪ್ ಗುರುತಿಸಿ

ಶಮನ ಮತ್ತು ಹಿಡಿತದ ವ್ಯತ್ಯಾಸ ಕೈಯಲ್ಲೇ ಹಿಡಿದು ನೋಡಬೇಕಾದರೆ ಉಬ್ಬಸದವರ ಪಂಪ್ ನೋಡಿ. ಸಾಮಾನ್ಯವಾಗಿ ನೀಲಿ ಬಣ್ಣದ್ದು ಸಾಲ್ಬುಟಮಾಲ್. ಎಳೆದ ಕೆಲವೇ ನಿಮಿಷಕ್ಕೆ ಉಸಿರು ಸಲೀಸು, ನಾಲ್ಕಾರು ಗಂಟೆಯಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಶ್ವಾಸನಾಳದ ಒಳಗಿನ ಊತವನ್ನು ಅದು ಮುಟ್ಟುವುದಿಲ್ಲ. ಇನ್ನೊಂದರಲ್ಲಿ ಇರುವುದು ಊತ ತಗ್ಗಿಸುವ ಸ್ಟಿರಾಯ್ಡ್. ಎಳೆದ ಕೂಡಲೇ ಏನೂ ಅನ್ನಿಸುವುದಿಲ್ಲ, ದಿನವೂ ಎಳೆದರೆ ರೋಗ ಹಿಡಿತಕ್ಕೆ ಬರುತ್ತದೆ. ಜನ ಇಷ್ಟಪಡುವುದು ನೀಲಿಯನ್ನು, ಅರ್ಧಕ್ಕೆ ಬಿಡುವುದು ಇನ್ನೊಂದನ್ನು. ನೀಲಿ ಪಂಪ್ ಒಂದನ್ನೇ ನಂಬಿ ಉಬ್ಬಸಕ್ಕೆ ಚಿಕಿತ್ಸೆ ಮಾಡಬಾರದೆಂದು ಉಬ್ಬಸದ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. 200 ಸಲ ಎಳೆಯಬಹುದಾದ ನೀಲಿ ಪಂಪ್ ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ರೋಗ ಹಿಡಿತದಲ್ಲಿಲ್ಲ ಎಂದೇ ತಿಳಿಯಿರಿ.

ಹಂತ 6: ವೈದ್ಯರಲ್ಲಿ ಮೂರು ಪ್ರಶ್ನೆ ಕೇಳಿ

ಚೀಟಿ ಕೈಗೆ ಬಂದ ಮೇಲೆ ಎದ್ದು ಹೊರಡುವ ಮುನ್ನ ಕೇಳಿ: ಇದರಲ್ಲಿ ಯಾವುದು ಲಕ್ಷಣಕ್ಕೆ, ಯಾವುದು ಕಾರಣಕ್ಕೆ? ಯಾವುದನ್ನು ಆರಾಮಾದ ಕೂಡಲೇ ನಿಲ್ಲಿಸಬಹುದು? ಏನು ಕಂಡರೆ ಕಾಯದೆ ಬರಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉತ್ತರವನ್ನು ಚೀಟಿಯ ಮೇಲೆಯೇ ಕನ್ನಡದಲ್ಲಿ ಬರೆದುಕೊಳ್ಳಿ.

ಕೊನೆಯದಾಗಿ: ಶಮನವೇ ಚಿಕಿತ್ಸೆಯಾದಾಗ

ಇದಕ್ಕೆ ಒಂದು ಪುಟವೇ ಬೇಕಿತ್ತು, ಉಳಿದಿರುವ ಜಾಗ ಇಷ್ಟೇ. ಇಲ್ಲಿಯವರೆಗೆ ಶಮನವನ್ನು ಗುಣವೆಂದು ನಂಬಬೇಡಿ ಎಂದೆ. ಆದರೆ ಮುಂದುವರಿದ ಕ್ಯಾನ್ಸರಿನಂಥ ರೋಗಗಳಲ್ಲಿ ಶಮನವೇ ದೊಡ್ಡ ಚಿಕಿತ್ಸೆ. ಇದನ್ನು ‘ಉಪಶಮನ ಆರೈಕೆ’ ಎನ್ನುತ್ತಾರೆ, ಆಸ್ಪತ್ರೆಯವರ ಬಾಯಲ್ಲಿ ‘ಪ್ಯಾಲಿಯೇಟಿವ್ ಕೇರ್’. ಪ್ಯಾಲಿಯೇಟಿವ್ ಎಂಬ ಪದದ ಮೂಲದಲ್ಲಿರುವುದು ಲ್ಯಾಟಿನ್ನಿನ ‘ಪ್ಯಾಲಿಯಂ’, ಅಂದರೆ ಹೊದಿಕೆ. ಆ ಮಾತು ಕೇಳಿದ ಕೂಡಲೇ ‘ಕೈಬಿಟ್ಟರು’ ಎಂದು ಮನೆಯವರು ಕುಸಿಯುತ್ತಾರೆ. ಕೈಬಿಟ್ಟಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಇಂಥ ಆರೈಕೆ ಉಚಿತವಾಗಿ ಸಿಗುತ್ತದೆ. ಇದನ್ನು ಕೊನೆಯ ವಾರದವರೆಗೆ ಮುಂದೂಡಬೇಡಿ. ರೋಗಕ್ಕೆ ಚಿಕಿತ್ಸೆ ನಡೆಯುತ್ತಿರುವಾಗಲೇ ಜೊತೆಗೆ ಶುರುಮಾಡಬಹುದು, ನೀವೇ ಕೇಳಿ.

ಮಾರ್ಫಿನ್ ಹೆಸರಿಗೆ ಹೆದರಬೇಡಿ. ಅಗತ್ಯ ಮಾದಕ ಔಷಧಗಳು ರೋಗಿಗಳಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾನೂನು ತಿದ್ದುಪಡಿಯಾಗಿದೆ. ತಜ್ಞರ ಕಣ್ಗಾವಲಿನಲ್ಲಿ ನೋವಿಗೆ ತಕ್ಕಷ್ಟು ಕೊಟ್ಟಾಗ ಚಟ ಅಂಟೀತೆಂಬ ಭಯಕ್ಕೆ ಆಧಾರ ಕಡಿಮೆ. ಮಲಬದ್ಧತೆ ಮಾತ್ರ ಖಚಿತ, ಅದಕ್ಕೆ ಔಷಧವನ್ನು ಮೊದಲ ದಿನವೇ ಬರೆಸಿಕೊಳ್ಳಿ. ಇಲ್ಲಿ ಮಾತ್ರ ‘ಎಸ್‌ಒಎಸ್’ ಲೆಕ್ಕ ನಡೆಯುವುದಿಲ್ಲ. ನೋವು ಬರಲಿ ಎಂದು ಕಾಯದೆ, ಗಡಿಯಾರ ನೋಡಿ ಕೊಡಿ.